ಐವತ್ತು ರೂಪಾಯಿ ನೋಟೂ ಮಯೂರದ ರೂಮೂ

ಕೇಳುಗರಿಗೆಲ್ಲಾ ನಮಸ್ಕಾರ. ನಿಮ್ ಜೇಬಲ್ಲೋ ಪರ್ಸಲ್ಲೋ ಐವತ್ತು ರೂಪಾಯಿ ನೋಟಿದ್ರೆ ಒಂದ್ಸಲ ತೆಗೀರಿ, ಹಳೇದಲ್ಲ, 2017ರಲ್ಲಿ ಬಂತಲ್ಲ ನೀಲಿ ನೋಟು, ಅದು. ಹಿಂದ್ಗಡೆ ತಿರುಗಿಸಿದ್ರೆ ಹಂಪಿ ಕಲ್ಲಿನ ರಥ ಕಾಣುತ್ತೆ. ತರಕಾರಿ ಅಂಗಡೀಲಿ, ಆಟೋದಲ್ಲಿ, ಅಲ್ಲೆಲ್ಲೋ ಗುವಾಹಟೀಲಿ ಜೈಪುರದಲ್ಲಿ ಕೂಡ ದಿನಾ ಕೈಯಿಂದ ಕೈಗೆ ಓಡಾಡ್ತಾ ಇರೋ ಜಾಹೀರಾತು ಅದು, ನಮ್ ರಾಜ್ಯದೋರು ಅದಕ್ಕೆ ನಯಾಪೈಸೆ ಖರ್ಚು ಮಾಡಿಲ್ಲ. ಇನ್ನು ಕರ್ನಾಟಕ ಪ್ರವಾಸೋದ್ಯಮದೋರು ಖರ್ಚು ಮಾಡಿ ಮಾಡೋ ಪ್ರಚಾರಾನೂ ಇದೆಯಲ್ಲ, "ಒಂದು ರಾಜ್ಯ ಹಲವು ಜಗತ್ತು" ಅಂತ, ಜಲಪಾತ, ಹುಲಿ, ಯಕ್ಷಗಾನದ ವೇಷ ಎಲ್ಲಾ ಒಂದೇ ಪೋಸ್ಟರಲ್ಲಿ ತುಂಬ್ಸಿರ್ತಾರಲ್ಲ, ಇವತ್ತು ಅದರ ಬಗ್ಗೆ ಸ್ವಲ್ಪ ಮಾತಾಡೋಣ ಅಂತ ಬಂದಿದೀನಿ.

ನಾವು ಸುಮ್ನೆ "ಟೂರಿಸಂನೋರು" ಅಂದ್ಬಿಡ್ತೀವಿ, ಆದ್ರೆ ಅಲ್ಲಿ ಬೇರೆಬೇರೆ ಮನೆಗಳಿವೆ. ಪ್ರವಾಸೋದ್ಯಮ ಇಲಾಖೆ ನೀತಿ, ಪ್ರಚಾರ, ದುಡ್ಡಿನ ಮಂಜೂರಾತಿ ನೋಡ್ಕೊಳ್ಳುತ್ತೆ. ಕೆಎಸ್‌ಟಿಡಿಸಿ ಅನ್ನೋ ನಿಗಮ 1971ರಲ್ಲಿ ಹುಟ್ಟಿದ್ದು, ಹೋಟ್ಲು, ಬಸ್ಸು, ಪ್ಯಾಕೇಜ್ ಟೂರು ಅದರದ್ದು. ಕಾಡಿನ ಕಡೆಗೆ ಅಂತ 1980ರಲ್ಲಿ ಜಂಗಲ್ ಲಾಡ್ಜಸ್ ಬೇರೆ ಆಯ್ತು. ಲೆಕ್ಕದ ವಿಷ್ಯ ಇಷ್ಟು ಸಾಕು.

ನಂಗೆ ಇದರಲ್ಲಿ ತುಂಬಾ ಇಷ್ಟ ಆಗೋದು ಕೆಎಸ್‌ಟಿಡಿಸಿ ಹೋಟ್ಲುಗಳ ಹೆಸರು. ಎಲ್ಲಾದಕ್ಕೂ ಮುಂದೆ ಮಯೂರ. ಮಯೂರ ಅಂದ್ರೆ ನವಿಲು ಅಂತ ಎಲ್ರಿಗೂ ಗೊತ್ತು, ಬನವಾಸಿ ಕದಂಬರ ಮಯೂರಶರ್ಮನ ಹೆಸರೂ ಅದೇ. ಅದರ ಹಿಂದೆ ಊರಿಗೆ ತಕ್ಕ ಬಾಲ, ಬೇಲೂರಲ್ಲಿ ವೇಲಾಪುರಿ, ಹಳೇಬೀಡಲ್ಲಿ ಶಾಂತಲಾ, ಬಾದಾಮೀಲಿ ಚಾಲುಕ್ಯ, ವಿಜಯಪುರದಲ್ಲಿ ಆದಿಲ್‌ಶಾಹಿ, ಹಂಪಿ ಪಕ್ಕ ಕಮಲಾಪುರದಲ್ಲಿ ಭುವನೇಶ್ವರಿ, ಜೋಗದಲ್ಲಿ ಗೇರುಸೊಪ್ಪ. ಮೇಷ್ಟ್ರು ಮೂರು ವರ್ಷ ಬೆತ್ತ ಹಿಡ್ಕೊಂಡು ಕಲಿಸಿದ ಇತಿಹಾಸ ಹೋಟ್ಲು ಬೋರ್ಡಲ್ಲೇ ಮುಗ್ದೋಗುತ್ತೆ ನೋಡಿ. ತಮಾಷೆ ಇರ್ಲಿ, ಈ ಊರುಗಳ ಪಟ್ಟೀನ ಇನ್ನೊಂದ್ಸಲ ಮನಸ್ಸಲ್ಲಿ ಓದ್ಕೊಳ್ಳಿ. ಹಳೇಬೀಡಲ್ಲಿ ಅಂದಿನ ಕಾಲಕ್ಕೆ ಯಾವ ದುಡ್ಡಿನೋನು ಬಂದು ಹೋಟ್ಲು ಕಟ್ತಿದ್ದ ಹೇಳಿ? ಸಂಜೆ ಆರಕ್ಕೆ ದೇವಸ್ಥಾನ ನೋಡಿ ಮುಗಿಸ್ದೋರು ಹಾಸನಕ್ಕೆ ಬಸ್ ಹಿಡೀಬೇಕು, ಬಸ್ ತಪ್ತು ಅಂದ್ರೆ ಕಟ್ಟೆ ಮೇಲೆ ಕೂರ್ಬೇಕು. ಅಂಥ ಕಡೆ ಸರ್ಕಾರ ನಾಲ್ಕು ಗೋಡೆ ಎಬ್ಬಿಸಿ ಮಂಚ ಹಾಕ್ತು, ಅನ್ನ ಸಾರು ಇಟ್ತು. ನಂಗೆ ಕೇಳಿದ್ರೆ ಪ್ರಚಾರ ಅಂದ್ರೆ ಅದೇ, ಪೋಸ್ಟರ್ ಅಲ್ಲ. 2023ರಲ್ಲಿ ಬೇಲೂರು ಹಳೇಬೀಡು ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದ್ವು, ಇವತ್ತು ಯಾರ್ ಬೇಕಾದ್ರೂ ಹೋಟ್ಲು ಕಟ್ತಾರೆ ಬಿಡಿ.

ನಮ್ಮಪ್ಪನ ಕಾಲದ ಒಂದು ನೆನಪು ಹೇಳ್ತೀನಿ. ಬೆಂಗಳೂರಲ್ಲಿ ಕಾರ್ಪೊರೇಷನ್ ಎದುರು ಬಾದಾಮಿ ಹೌಸ್ ಅಂತಿದೆ, ಅಲ್ಲಿಂದ ಬೆಳಗ್ಗೆ ಇನ್ನೂ ಕತ್ಲಿರುವಾಗ್ಲೇ ಬೇಲೂರು, ಹಳೇಬೀಡು, ಶ್ರವಣಬೆಳಗೊಳಕ್ಕೆ ಕೆಎಸ್‌ಟಿಡಿಸಿಯ ಒಂದೇ ದಿನದ ಟೂರು ಬಸ್ಸು. ಅಮ್ಮ ಪುಳಿಯೋಗರೆ ಕಟ್ಕೊಂಡಿದ್ಲು, ಅಜ್ಜಿ ಸ್ವೆಟರ್ ಮೇಲೆ ಶಾಲು ಹೊದ್ಕೊಂಡಿದ್ಲು, ಗೈಡು ಮೂರು ಭಾಷೇಲಿ ಒಂದೇ ಜೋಕು ಹೇಳ್ತಿದ್ದ, ನಾವು ಮೂರು ಸಲಾನೂ ನಗ್ತಿದ್ವಿ. ಬೆಳಗೊಳದಲ್ಲಿ ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಅಜ್ಜಿ ಅರ್ಧದಲ್ಲೇ ಕೂತು "ನೀವು ಹೋಗ್ಬನ್ನಿ, ನಂಗೆ ಇಲ್ಲಿಂದ್ಲೇ ಗೊಮ್ಮಟ ಆಶೀರ್ವಾದ ಮಾಡ್ತಾನೆ" ಅಂದ್ಬಿಟ್ಲು. ಕಾರಿಲ್ಲದ ಸಂಸಾರಕ್ಕೆ ಒಂದೇ ದಿನದಲ್ಲಿ ಅಷ್ಟೂ ಊರು ಸುತ್ಸಿ ರಾತ್ರಿ ವಾಪಸ್ ತಂದು ಬಿಡ್ತಿದ್ದ ಆ ಬಸ್ಸಿಂದ ಎಷ್ಟು ಜನ ಮೊದಲ ಸಲ ಶಿಲಾಬಾಲಿಕೆ ನೋಡಿರ್ಬೇಕು ಯೋಚ್ನೆ ಮಾಡಿ.

ಈಗ ಇದರ ಪಕ್ಕದಲ್ಲಿ ಗೋಲ್ಡನ್ ಚಾರಿಯಟ್ ಅನ್ನೋ ಐಷಾರಾಮಿ ಪ್ರವಾಸಿ ರೈಲು ಇಟ್ಟು ನೋಡಿ. 2008ರಲ್ಲಿ ಶುರು, ನೇರಳೆ ಬಂಗಾರ ಬಣ್ಣ, ಬೋಗಿಗಳಿಗೆ ಕದಂಬ, ಗಂಗ, ಹೊಯ್ಸಳ, ರಾಷ್ಟ್ರಕೂಟ ಅಂತ ರಾಜಮನೆತನದ ಹೆಸರು, ಊಟದ ಬೋಗಿಗೆ ನಳ ಮತ್ತೆ ರುಚಿ, ಬಾರಿಗೆ ಮದಿರಾ, ಹೆಸರಿಡೋಕೆ ಮಾತ್ರ ನಮ್ಮೋರು ಎತ್ತಿದ ಕೈ. ಟಿಕೆಟ್ ರೇಟು ನೋಡಿದ್ರೆ ನಾವು ಪ್ಲಾಟ್‌ಫಾರ್ಮಲ್ಲಿ ನಿಂತು ಕೈ ಬೀಸೋಕೆ ಲಾಯಕ್ಕು ಅಷ್ಟೇ. ಜನ ತುಂಬ್ಲಿಲ್ಲ, ನಷ್ಟ ಆಯ್ತು, ಮಧ್ಯದಲ್ಲಿ ನಿಂತೇ ಹೋಯ್ತು, ಆಮೇಲೆ ರೈಲ್ವೆಯ ಐಆರ್‌ಸಿಟಿಸಿ ಜೊತೆ ಒಪ್ಪಂದ ಆಗಿ ಮತ್ತೆ ಓಡೋಕೆ ಶುರುವಾಯ್ತು. ಬೇಡ ಅಂತ ನಾನು ಹೇಳಲ್ಲ, ಒಂದು ಫೋಟೋ ಹೊರದೇಶದ ಪೇಪರಲ್ಲಿ ಬಂದ್ರೂ ಬಂದಂಗೆ, ಆದ್ರೆ ಅಜ್ಜಿ ಹೋದ ಬಸ್ಸಿನ ಫೋಟೋನ ಯಾವ ಬ್ರೋಶರಲ್ಲೂ ನಾನಂತೂ ನೋಡಿಲ್ಲಪ್ಪ.

ಕಬಿನಿ ಕಥೆ ಬೇರೆ ಥರ. ಅಲ್ಲಿ ಕಾಕನಕೋಟೇಲಿ ಮೊದ್ಲು ಖೆಡ್ಡಾ ಮಾಡಿ, ಅಂದ್ರೆ ಕಾಡಾನೆ ಹಿಂಡನ್ನ ಅಟ್ಟಿ ಬೇಲಿಯೊಳಗೆ ಕೂಡ್ಹಾಕಿ, ಆನೆ ಹಿಡೀತಿದ್ರು, ಕೊನೇ ಖೆಡ್ಡಾ 1971ರಲ್ಲಿ. ಆಮೇಲೆ ಡ್ಯಾಮ್ ಬಂತು, ಕಾಡು ಮುಳುಗ್ತು. ಬೇಸಿಗೇಲಿ ಹಿನ್ನೀರು ಇಳಿದಾಗ ಕೆಸರಲ್ಲಿ ಹಸಿ ಹುಲ್ಲು ಚಿಗುರುತ್ತೆ, ಉಳಿದ ಕಾಡೆಲ್ಲಾ ಒಣಗಿರುತ್ತಲ್ಲ, ಆನೆಗಳು ಹಿಂಡುಹಿಂಡಾಗಿ ಅಲ್ಲಿಗೇ ಬರ್ತವೆ. ಮಹಾರಾಜ್ರು ಬೇಟೆಗೆ ಅಂತ ಕಟ್ಸಿದ್ದ ಬಂಗಲೆ ಜಾಗದಲ್ಲೇ ಜಂಗಲ್ ಲಾಡ್ಜಸ್‌ನೋರು ಕೂತು ಕ್ಯಾಮೆರಾ ಹಿಡ್ದೋರನ್ನ ಕರ್ಕೊಂಡ್ ಹೋಗೋಕೆ ಶುರು ಮಾಡಿದ್ರು. ಬಂದೂಕಿನ ಜಾಗಕ್ಕೆ ದುರ್ಬೀನು ಬಂತು.

ಆದ್ರೆ ಒಂದು ವಿಷ್ಯ. ಎಷ್ಟೇ ಬಣ್ಣದ ಜಾಹೀರಾತು ಕೊಡಿ, ಕೊನೇಗೆ ಎಲ್ಲಾ ಹೋಗಿ ನಿಲ್ಲೋದು ಒಂದು ನಲ್ಲಿ ಮುಂದೆ. ಒಂದೂರಿಗೆ ಹೋಗಿದ್ವಿ, ಊರಿನ ಹೆಸರೂ ಬೇಡ, ಹೋಟ್ಲು ಸರ್ಕಾರದ್ದೋ ಖಾಸಗೀನೋ ಅಂತಾನೂ ಹೇಳಲ್ಲ. ಬಿಸಿನೀರು ಆರರಿಂದ ಎಂಟು ಅಂತ ಗೋಡೇಲಿ ಬರ್ದಿದ್ರು. ಏಳಕ್ಕೆ ನಲ್ಲಿ ತಿರುಗಿಸ್ದೆ, ಎರಡ್ಸಲ ಕೆಮ್ಮಿ ಸುಮ್ನಾಯ್ತು. ಕೆಳಗೆ ಹೋಗಿ ಕೇಳಿದ್ರೆ, "ನಿನ್ನೆ ಬಂದಿತ್ತಲ್ಲಾ ಸಾರ್" ಅಂದ್ರು. ನಿನ್ನೆ ನಾನೆಲ್ಲಿದ್ದೆ ಅಲ್ಲಿ! ಅಂಥ ಒಂದು ಬೆಳಗ್ಗೆಗೆ ಪೂರ್ತಿ ಪುಟದ ಜಾಹೀರಾತು ಸೋತೋಗುತ್ತೆ, ಯಾಕಂದ್ರೆ ಮನೆಗೆ ಬಂದ್ಮೇಲೆ ನಾನು ನಾಲ್ಕು ಜನಕ್ಕೆ ಹೇಳಿದ್ದು ಗೋಪುರದ ಕಥೆ ಅಲ್ಲ, ನಲ್ಲಿ ಕಥೆ.

ಬಾದಾಮೀಲಿ ಇದಕ್ಕೆ ಉಲ್ಟಾ ಆಯ್ತು. ಬೆಳಗ್ಗೆ ಅಗಸ್ತ್ಯ ತೀರ್ಥದ ಮೆಟ್ಟಿಲಲ್ಲಿ ಕೂತಿದ್ದೆ, ಹೆಂಗಸ್ರು ಬಟ್ಟೆ ಒಗೀತಿದ್ರು, ಕಲ್ಲಿಗೆ ಬಟ್ಟೆ ಬಡಿದ ಸದ್ದು ಎದುರು ಬಂಡೆಗೆ ಹೋಗಿ ತಿರುಗಿ ಬರ್ತಿತ್ತು, ಒಂದು ಏಟಿಗೆ ಎರಡು ಸದ್ದು. ಮೂರನೇ ಗುಹೇಲಿ 578ರ ಶಾಸನ ಇದೆ, ಅದನ್ನ ಎಲ್ರೂ ನೋಡ್ತಾರೆ. ನಂಗೆ ಬೇಕಿದ್ದಿದ್ದು ಕಪ್ಪೆ ಅರಭಟ್ಟನ ಶಾಸನ, ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ, ಶಾಲೇಲಿ ಬಾಯಿಪಾಠ ಮಾಡಿದ್ದೇ. ಯಾರನ್ನ ಕೇಳಿದ್ರೂ ಗುಹೆ ಕಡೆ ಕೈ ತೋರಿಸ್ತಿದ್ರು. ಕೊನೇಗೆ ಒಬ್ಬ ಕುರಿ ಕಾಯೋ ಹುಡುಗ ಬಂಡೆ ಮೇಲಕ್ಕೆ ಕರ್ಕೊಂಡೋಗಿ ಬೆರಳಿಟ್ಟು ತೋರಿಸ್ದ. ಏನ್ ಬರ್ದಿದೆ ಗೊತ್ತೇನೋ ಅಂದೆ, "ಗೊತ್ತಿಲ್ರೀ, ಭಾಳ ಹಳೇದದ ಅಂತಾರ್ರಿ" ಅಂದ. ಓದಿ ಹೇಳ್ದೆ. ಒಂದ್ಸಲ ತಲೆ ಆಡಿಸಿ "ಛಲೋ ಐತ್ರಿ" ಅಂದು ಕುರಿ ಹಿಂದೆ ಓಡೋದ. ಇಲಾಖೆಯೋರು ಪ್ರವಾಸಿ ಮಿತ್ರ ಅಂತ ಹೋಮ್‌ಗಾರ್ಡುಗಳಿಗೆ ಟ್ರೈನಿಂಗ್ ಕೊಟ್ಟು ಸ್ಮಾರಕಗಳ ಹತ್ರ ನಿಲ್ಲಿಸಿರೋದು ಒಳ್ಳೇದೇ, ಆ ಹುಡುಗನಂಥೋರಿಗೂ ಒಂದು ಸಂಬಳ, ಒಂದು ಟೋಪಿ ಕೊಟ್ರೆ ಇನ್ನೂ ಒಳ್ಳೇದು.

ಟೈಮ್ ಆಗ್ತಾ ಬಂತು. ಮಳೆಗಾಲದಲ್ಲಿ ಜೋಗಕ್ಕೆ ಹೊರಡೋರು ಇದ್ರೆ ಒಂದು ಮಾತು. 1964ರ ಲಿಂಗನಮಕ್ಕಿ ಡ್ಯಾಮ್ ಆದ್ಮೇಲೆ ಶರಾವತಿ ಮೇಲಿಂದ ಎಷ್ಟು ಬೀಳ್ಬೇಕು ಅನ್ನೋದು ಡ್ಯಾಮಿನ ಕೈಲಿದೆ, ಅದಕ್ಕೇ ಮಳೆ ಚೆನ್ನಾಗಿ ಹಿಡಿದ್ಮೇಲೆ ಹೋಗಿ. ಶನಿವಾರ ಭಾನುವಾರ ಬೇಡ, ಮಂಗಳವಾರನೋ ಬುಧವಾರನೋ ನೋಡ್ಕೊಳ್ಳಿ. ಹೋದ್ ತಕ್ಷಣ ಮಂಜು ಮುಚ್ಕೊಂಡು ಏನೂ ಕಾಣ್ಲಿಲ್ಲ ಅಂತ ವಾಪಸ್ ಬರ್ಬೇಡಿ, ಒಂದು ಮಿರ್ಚಿ ಬಜ್ಜಿ ತಗೊಂಡು ಅಲ್ಲೇ ನಿಂತ್ಕೊಳ್ಳಿ, ಬಜ್ಜಿ ಮುಗಿಯೋಷ್ಟ್ರಲ್ಲಿ ಮಂಜು ಸರಿಯುತ್ತೆ. ಕೊಡೆ ಬೇಡ, ಗಾಳಿಗೆ ಉಲ್ಟಾ ಆಗುತ್ತೆ, ರೈನ್‌ಕೋಟ್ ಇಟ್ಕೊಳ್ಳಿ. ನಮಸ್ಕಾರ.