ಯುರೋಪ್ ಪ್ಲಾನ್ ಮಾಡ್ತಿದ್ದೀರಾ? ಮೊದಲು ಊರು ಕಡಿಮೆ ಮಾಡಿ

ನಮಸ್ಕಾರ. ಸ್ನೇಹಿತರು ನಾಲ್ಕು ಜನ ಸೇರಿ ಒಂದು ತಿಂಗಳು ಯುರೋಪ್ ಸುತ್ತೋಣ ಅಂತ ಕೂತರೆ ಮೊದಲು ಹುಟ್ಟುವುದು ಒಂದು ಪಟ್ಟಿ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಪ್ರಾಗ್, ವಿಯೆನ್ನಾ, ವೆನಿಸ್, ಫ್ಲಾರೆನ್ಸ್, ರೋಮ್, ಬಾರ್ಸಿಲೋನಾ, ಲಿಸ್ಬನ್. ಅಷ್ಟು ದೂರ ಹೋಗ್ತೀವಿ, ಇದನ್ನೂ ಒಂದು ನೋಡಿಬಿಡೋಣ ಅಂತ ಎಲ್ಲರೂ ಒಂದೊಂದು ಸೇರಿಸುತ್ತಾರೆ. ಬೇಡ ಅನ್ನಲು ಯಾರಿಗೂ ಮನಸ್ಸು ಬರುವುದಿಲ್ಲ.

ನಾನು ಹೇಳುವುದು ಇಷ್ಟೇ. ಆ ಪಟ್ಟಿಯನ್ನು ಅರ್ಧಕ್ಕೆ ಇಳಿಸಿ. ಒಳ್ಳೆ ಫೋಟೋ ಬೇಕು ಅನ್ನುವವರಂತೂ ಇಳಿಸಲೇಬೇಕು.

ಲೆಕ್ಕ ಹಾಕಿ ನೋಡಿ. ಒಂದು ಊರಿಗೆ ಎರಡು ರಾತ್ರಿ ಅಂದರೆ ಕೈಗೆ ಸಿಗುವುದು ಒಂದೇ ಪೂರ್ತಿ ದಿನ. ಉಳಿದದ್ದೆಲ್ಲ ಬ್ಯಾಗ್ ಕಟ್ಟುವುದು, ರೂಮ್ ಖಾಲಿ ಮಾಡುವುದು, ಹೊಸ ಊರಲ್ಲಿ ರೂಮ್ ಸಿಗುವವರೆಗೆ ಸೂಟ್‌ಕೇಸ್ ಎಲ್ಲಿಡೋಣ ಅಂತ ಹುಡುಕುವುದು, ಇದರಲ್ಲೇ ಕಳೆದುಹೋಗುತ್ತದೆ. ಒಂದೇ ದಿನ ಅಂದರೆ ಒಂದೇ ಬೆಳಗು, ಒಂದೇ ಸಂಜೆ. ಅವತ್ತು ಮಳೆ ಬಂದರೆ ಆ ಊರಿನ ಫೋಟೋ ಮುಗಿಯಿತು, ಅಲ್ವಾ?

ಪ್ರಾಗ್‌ನಲ್ಲಿ ನಮಗೆ ಆದದ್ದು ಹೇಳುತ್ತೇನೆ. ಮೊದಲ ಸಂಜೆ ಚಾರ್ಲ್ಸ್ ಸೇತುವೆಗೆ ಹೋದೆವು. 1357ರಲ್ಲಿ ಕಟ್ಟಲು ಶುರು ಮಾಡಿದ ಸೇತುವೆ, ಎರಡೂ ಬದಿ ಸೇರಿ 30 ಶಿಲ್ಪಗಳು. ನನಗೆ ಸಿಕ್ಕಿದ್ದು ಮಾತ್ರ ಬರೀ ಜನರ ಬೆನ್ನು. ಎರಡನೇ ದಿನ ಪೂರ್ತಿ ಮಳೆ. ಮೂರನೇ ದಿನ ಬೆಳಗಿನ ಜಾವ 4:30ಕ್ಕೆ ಎದ್ದು ಹೊರಟೆ. ಜೂನ್‌ನಲ್ಲಿ ಅಲ್ಲಿ ಐದು ಗಂಟೆಗೂ ಮೊದಲೇ ಸೂರ್ಯ ಹುಟ್ಟುತ್ತಾನೆ. ಸ್ನೇಹಿತರಲ್ಲಿ ಒಬ್ಬ ಮಾತ್ರ ಜೊತೆಗೆ ಬಂದ, ಉಳಿದಿಬ್ಬರು ಮಲಗಿದ್ದರು. ನೆಲದ ಕಲ್ಲು ಇನ್ನೂ ಒದ್ದೆ. ದೀಪ ಆರಿಸಿರಲಿಲ್ಲ. ಹಳೇ ಪಟ್ಟಣದ ಕಡೆಯ ಗೋಪುರದ ಹಿಂದೆ ಆಕಾಶ ನಿಧಾನಕ್ಕೆ ಕೆಂಪಾಗುತ್ತಿತ್ತು, ಅದರ ಮುಂದೆ ಶಿಲ್ಪಗಳೆಲ್ಲ ಕಪ್ಪು ಕಪ್ಪಾಗಿ ನಿಂತಿದ್ದವು. ಅವನು ಕಲ್ಲಿನ ಕಟ್ಟೆಗೆ ಒರಗಿ, ಜಾಕೆಟ್ ಕಿವಿವರೆಗೆ ಎಳೆದುಕೊಂಡು, ಸುಮ್ನೆ ನದಿ ನೋಡುತ್ತಿದ್ದ. ಅದನ್ನು ತೆಗೆದೆ. ಇಡೀ ಪ್ರವಾಸದಲ್ಲಿ ನಾನು ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದು ಅದೊಂದೇ. ಎರಡೇ ರಾತ್ರಿ ಅಂತ ಬುಕ್ ಮಾಡಿದ್ದರೆ ಆ ಹೊತ್ತಿಗೆ ನಾವು ರೈಲ್ವೆ ಸ್ಟೇಷನ್ ದಾರಿಯಲ್ಲಿರುತ್ತಿದ್ದೆವು.

ಅದಕ್ಕೇ ಪ್ಲಾನ್ ಮಾಡುವಾಗ ಹೋಟೆಲ್ ದರದ ಜೊತೆ ಸೂರ್ಯ ಹುಟ್ಟುವ, ಮುಳುಗುವ ಹೊತ್ತನ್ನೂ ನೋಡಿಕೊಳ್ಳಿ. ಪ್ಯಾರಿಸ್‌ನಲ್ಲಿ ಜೂನ್ ಕೊನೆಗೆ ಹೆಚ್ಚುಕಡಿಮೆ ರಾತ್ರಿ ಹತ್ತರವರೆಗೆ ಬೆಳಕಿರುತ್ತದೆ, ಡಿಸೆಂಬರ್‌ನಲ್ಲಿ ಸಂಜೆ ಐದರೊಳಗೆ ಸೂರ್ಯ ಮುಳುಗಿರುತ್ತಾನೆ. ಬೇಸಿಗೆಯಲ್ಲಿ ಸಂಜೆ ಬೆಳಕಿಗೆ ಕಾದರೆ ಊಟದ ಹೊತ್ತು ಮೀರುತ್ತದೆ. ಹಸಿದವರನ್ನು ನಿಲ್ಲಿಸಿಕೊಂಡು ಫೋಟೋ ತೆಗೆಯಬೇಡಿ.

ಈ ಮಾತು ನಾನು ಪೆಟ್ಟು ತಿಂದು ಕಲಿತದ್ದು. ಫ್ಲಾರೆನ್ಸ್‌ನಲ್ಲಿ ಸಾಂತಾ ತ್ರಿನಿತಾ ಸೇತುವೆ ಮೇಲೆ ನಿಂತು, ಪಕ್ಕದ ಹಳೇ ಸೇತುವೆ ಪಾಂಟೆ ವೆಕ್ಕಿಯೊದ ನೆರಳು ನೀರಿನಲ್ಲಿ ಸರಿಯಾಗಿ ಕಾಣಲಿ ಅಂತ ಇನ್ನೈದು ನಿಮಿಷ, ಇನ್ನೈದು ನಿಮಿಷ ಅನ್ನುತ್ತಾ ಮುಕ್ಕಾಲು ಗಂಟೆ ಮೂವರನ್ನೂ ಕಾಯಿಸಿದೆ. ಯಾರೂ ಬೈಯಲಿಲ್ಲ. ಆದರೆ ಊಟಕ್ಕೆ ಕೂತಾಗ ಯಾರೂ ಮಾತಾಡಲೂ ಇಲ್ಲ, ಅದು ಬೈಗುಳಕ್ಕಿಂತ ಜಾಸ್ತಿ ನೋವಾಯಿತು. ಅವತ್ತು ರಾತ್ರಿ ಕೂತು ಮಾತಾಡಿಕೊಂಡೆವು. ಬೆಳಗಿನ ಎರಡು ಗಂಟೆ ನನ್ನದು, ಬರುವವರು ಬರಬಹುದು. ತಿಂಡಿ ಆದಮೇಲೆ ಕ್ಯಾಮೆರಾ ಚೀಲದೊಳಗೆ, ತುಂಬಾ ಅನ್ನಿಸಿದರೆ ಮೊಬೈಲಲ್ಲಿ ಒಂದು ಕ್ಲಿಕ್ ಅಷ್ಟೇ. ಆಮೇಲೆ ಪ್ರವಾಸವೇ ಬೇರೆ ಥರ ಆಯಿತು. ಈ ಮಾತು ಹೊರಡುವ ಮೊದಲೇ ಆಗಬೇಕಿತ್ತು. ನೀವು ಈಗಲೇ ಆಡಿಕೊಳ್ಳಿ.

ಇನ್ನು ವೀಸಾ. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪಿಗೆ ಶೆಂಗೆನ್ ಅನ್ನುತ್ತಾರೆ. ಅದರೊಳಗೆ ಈಗ 29 ದೇಶಗಳಿವೆ, ಯಾವುದೇ 180 ದಿನದಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಒಳಗೆ ಹೋದ ದಿನ, ಹೊರಗೆ ಬಂದ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಲಂಡನ್ ಸೇರಿಸಿದರೆ ಅದಕ್ಕೆ ಬೇರೆಯೇ ವೀಸಾ. ಶೆಂಗೆನ್ ವೀಸಾಗೆ ದೊಡ್ಡವರಿಗೆ ಶುಲ್ಕ 90 ಯೂರೋ, ಜೊತೆಗೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ. ಜಾಸ್ತಿ ದಿನ ಯಾವ ದೇಶದಲ್ಲಿ ಇರುತ್ತೀರೋ ಅಲ್ಲಿಗೇ ಅರ್ಜಿ ಹಾಕಬೇಕು, ಹತ್ತು ಊರಿನ ಪಟ್ಟಿ ಹಿಡಿದುಕೊಂಡು ಕೂತರೆ ಅದೇ ಒಂದು ತಲೆನೋವು. ಪ್ರವಾಸಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆವರೆಗೆ ಕಾಯಬೇಡಿ. ಹಲವು ದೇಶಗಳ ರೈಲಿನಲ್ಲಿ ಓಡಾಡಲು ಸಿಗುವ ರೈಲು ಪಾಸ್ ತಗೊಂಡರೆ ಎಲ್ಲಾ ಆಯ್ತು ಅಂದುಕೊಳ್ಳಲೂಬೇಡಿ. ಫ್ರಾನ್ಸ್, ಇಟಲಿಯ ವೇಗದ ರೈಲುಗಳಿಗೆ ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು ಕೊಟ್ಟು ರಿಸರ್ವ್ ಮಾಡಬೇಕು. ಊರು ಹೆಚ್ಚಾದಷ್ಟೂ ಈ ಖರ್ಚೂ ಹೆಚ್ಚು.

ಕ್ಯಾಮೆರಾ ಎಲ್ಲಾ ಕಡೆ ನಡೆಯುವುದಿಲ್ಲ ಅನ್ನುವುದೂ ನೆನಪಿರಲಿ. ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್ ಒಳಗೆ ಫೋಟೋ ತೆಗೆಯುವಂತೆಯೇ ಇಲ್ಲ. ನನಗೆ ಅದು ಒಳ್ಳೆಯದೇ ಅನ್ನಿಸಿತು. ನಾಲ್ವರೂ ಕತ್ತು ನೋಯುವವರೆಗೆ ಮೇಲೆ ಚಾವಣಿಯ ಚಿತ್ರಗಳನ್ನು ನೋಡಿದೆವು, ಯಾರೂ ಯಾರಿಗೂ ಕಾಯಲಿಲ್ಲ.

ರಾತ್ರಿ ಎಷ್ಟೇ ಸುಸ್ತಾಗಿರಲಿ, ಅವತ್ತಿನ ಫೋಟೋಗಳನ್ನು ಇನ್ನೊಂದು ಡ್ರೈವ್‌ಗೆ ಹಾಕಿ, ಆ ಡ್ರೈವ್ ಬೇರೆಯವರ ಬ್ಯಾಗಿನಲ್ಲಿರಲಿ. ಕ್ಯಾಮೆರಾ ಚೀಲ ಕಳುವಾದರೂ ಫೋಟೋ ಉಳಿಯುತ್ತವೆ.

ಪಟ್ಟಿ ಇಳಿಸುವುದು ಹೇಗೆ ಅಂತ ಕೇಳುತ್ತೀರಿ. ನಾವು ಮಾಡಿದ್ದು ಹೀಗೆ. ಬೇರೆಯವರ ಊರು ಹೊಡೆಯುವಂತಿಲ್ಲ, ಪ್ರತಿಯೊಬ್ಬರೂ ತಾವೇ ಸೇರಿಸಿದ್ದರಲ್ಲಿ ಒಂದನ್ನು ತಾವೇ ಹೊಡೆದು ಹಾಕಬೇಕು. ಒಂದು ಸುತ್ತಿಗೆ ಹತ್ತು ಊರು ಆರಾಯಿತು. ನಾನು ಬಿಟ್ಟುಕೊಟ್ಟಿದ್ದು ಬಾರ್ಸಿಲೋನಾ. ಅದನ್ನು ಬಿಟ್ಟಿದ್ದರಿಂದ ಮಿಕ್ಕಿದ ರಾತ್ರಿಗಳಲ್ಲಿ ಒಂದು ಪ್ರಾಗ್‌ಗೆ ಸೇರಿತು.