ಸತ್ತ ಮೇಲೆ ಬರುವವರು ಮೊದಲೇ ಬರಲಿ

ನಮ್ಮ ವಿಜಯಪುರ ಸೀಮೆಯಲ್ಲಿ ಸಾವಿನ ಮನೆಗೆ ಜನರ ಕೊರತೆಯಿಲ್ಲ. ರಾತ್ರಿಯಿಡೀ ಭಜನೆ ನಡೆಯುತ್ತದೆ, ಬೀಗರು ಬುತ್ತಿ ತರುತ್ತಾರೆ, ಕುಣಿ ತೋಡಲು ಓಣಿಯ ಹುಡುಗರು ಕರೆಯದೆಯೇ ಬರುತ್ತಾರೆ. ಅದಕ್ಕೂ ಮೊದಲಿನ ಎರಡು ಮೂರು ತಿಂಗಳು? ಮಿರಜ್, ಸೊಲ್ಲಾಪುರದ ದವಾಖಾನೆ ಸುತ್ತಿ, ‘ಇನ್ನು ಮನೆಗೆ ಕರೆದುಕೊಂಡು ಹೋಗಿ’ ಎಂದು ವೈದ್ಯರು ಹೇಳಿದ ಮೇಲೆ ರೋಗಿ ಒಳಕೋಣೆಯಲ್ಲಿ, ಮಾತೆಲ್ಲ ಪಡಸಾಲೆಯಲ್ಲಿ. ‘ಅಜ್ಜನಿಗೆ ಹೇಳಬೇಡಿ, ಎದೆ ಒಡೆದುಕೊಳ್ಳುತ್ತಾನೆ.’ ಅಜ್ಜನಿಗೆ ಅದು ಎಂದೋ ಗೊತ್ತಾಗಿರುತ್ತದೆ.

ಈ ಹೊತ್ತಿಗೆಂದೇ ಅಮೆರಿಕದಲ್ಲಿ ಡೌಲಾ ಎಂಬ ಜೊತೆಗಾರರಿದ್ದಾರೆ. ಹೆರಿಗೆಯಲ್ಲಿ ಬಾಣಂತಿಯ ಪಕ್ಕ ಕೂರುವವರನ್ನು ಕಂಡು ಹೆನ್ರಿ ಫರ್ಸ್ಕೋ-ವೈಸ್ ಎಂಬ ಸಮಾಜ ಕಾರ್ಯಕರ್ತರು 2003ರಲ್ಲಿ ನ್ಯೂಯಾರ್ಕಿನ ಹಾಸ್ಪೈಸ್ (ವಾಸಿಯಾಗದ ರೋಗಿಗಳನ್ನು ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ಸಂಸ್ಥೆ) ಒಂದರಲ್ಲಿ ಸಾಯುವವರ ಪಕ್ಕ ಕೂರುವವರನ್ನು ತಯಾರು ಮಾಡತೊಡಗಿದರು. ಡೌಲಾ ಇಂಜೆಕ್ಷನ್ ಕೊಡುವುದಿಲ್ಲ, ಔಷಧ ಬದಲಿಸುವುದಿಲ್ಲ. ಕೇಳುತ್ತಾರೆ: ಕೊನೆಗೆ ಹತ್ತಿರ ಯಾರಿರಬೇಕು, ಯಾವ ಹಾಡು ಬೇಕು, ಯಾರೊಡನೆ ಮಾತು ಬಿಟ್ಟಿದ್ದೀರಿ? ಮೊಮ್ಮಕ್ಕಳಿಗೆ ಹೇಳಬೇಕಾದದ್ದನ್ನು ಬರೆದಿಡುತ್ತಾರೆ. ಸಾವಿನ ಕೆಲವು ವಾರಗಳ ಬಳಿಕ ಮನೆಯವರನ್ನು ಮಾತನಾಡಿಸಲು ಮತ್ತೆ ಬರುತ್ತಾರೆ.

ಮನೆಯವರಿಗೆ ಹೇಳಿಕೊಡುವ ಕೆಲಸ ಇದಕ್ಕಿಂತ ದೊಡ್ಡದು. ಉಸಿರು ನಿಂತು ನಿಂತು ಬರುವುದು, ಕೈಕಾಲು ತಣ್ಣಗಾಗುವುದು, ಗಂಟಲಲ್ಲಿ ಗೊರಗೊರ ಸದ್ದು, ಊಟ ಬೇಡವೆನ್ನುವುದು, ಇವೆಲ್ಲ ದೇಹ ಹೊರಡುವ ಕ್ರಮ. ನಾವು ಮಾಡುವುದೇನು? ‘ನನ್ನ ಸಲುವಾಗಿ ಒಂದು ತುತ್ತು’ ಎಂದು ಬಾಯಿಗೆ ಗಂಜಿ ಸುರಿಯುತ್ತೇವೆ. ನುಂಗಲಾಗದವರಿಗೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ತುಟಿ ಒದ್ದೆ ಮಾಡುತ್ತಿದ್ದರೆ ಸಾಕು. ಇದೊಂದನ್ನು ತಿಳಿಸುವುದಕ್ಕಾದರೂ ಊರಿಗೊಬ್ಬರು ಬೇಕೆಂದು ನಾನು ಜಗಳಕ್ಕೆ ನಿಲ್ಲುತ್ತೇನೆ.

‘ಬದುಕಿರುವಾಗಲೇ ಸಾವಿನ ಮಾತು ಅಪಶಕುನ’ ಎನ್ನುವವರು ಇದೇ ವಿಜಯಪುರದ ಜ್ಞಾನಯೋಗಾಶ್ರಮವನ್ನು ನೆನೆಯಲಿ. ಸಿದ್ಧೇಶ್ವರ ಸ್ವಾಮೀಜಿ 2014ರ ಗುರುಪೂರ್ಣಿಮೆಯಂದೇ ಬರೆದಿಟ್ಟಿದ್ದರು: ದೇಹವನ್ನು ಹೂಳದೆ ಸುಡಬೇಕು, ಚಿತಾಭಸ್ಮವನ್ನು ನೀರಿಗೆ ಬಿಡಬೇಕು, ಸ್ಮಾರಕ ಬೇಡ. 2023ರ ಜನವರಿ 2ರಂದು ಅವರು ತೀರಿಕೊಂಡಾಗ ಹಾಗೆಯೇ ಅಗ್ನಿಸಂಸ್ಕಾರವಾಯಿತು. ಕಾನೂನೂ ಅಡ್ಡ ಬರುವುದಿಲ್ಲ. ವಾಸಿಯಾಗದ ಕಾಯಿಲೆಯಲ್ಲಿ ಯಂತ್ರಕ್ಕೆ ಕಟ್ಟಿಡಬೇಡಿ ಎಂದು ಮೊದಲೇ ಬರೆದಿಡುವುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದೆ. 2023ರ ಸಡಿಲಿಕೆಯ ನಂತರ ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು.

ಅಮೆರಿಕದ ಕಸುಬನ್ನು ಇದ್ದ ಹಾಗೆಯೇ ಹೊತ್ತು ತರೋಣ ಎನ್ನುತ್ತಿಲ್ಲ. ಅಲ್ಲಿ ಅದಕ್ಕೆ ಸರ್ಕಾರಿ ಪರವಾನಗಿ ಇಲ್ಲ, ಎಷ್ಟೋ ಕಡೆ ಶುಲ್ಕವೂ ಇದೆ. ನಮ್ಮಲ್ಲಿ ಭಜನಾ ಮಂಡಳಿಗಳಿವೆ. ರಾತ್ರಿಯೆಲ್ಲ ಎಚ್ಚರವಿದ್ದು ಕೂರುವುದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ಉಪಶಾಮಕ ಆರೈಕೆ, ಅಂದರೆ ವಾಸಿಯಾಗದ ರೋಗಿಯ ನೋವು ತಗ್ಗಿಸುವ ಆರೈಕೆ, ಬಲ್ಲ ನರ್ಸ್ ಒಬ್ಬರು ಕೆಲವು ದಿನ ತರಬೇತಿ ಕೊಟ್ಟರೆ ಅವರೇ ಎರಡು ತಿಂಗಳು ಮೊದಲು ಬರಬಹುದು. ತಕರಾರು ಬರುವುದು ಎಲ್ಲಿಂದ ಎಂಬುದೂ ಗೊತ್ತು: ಭಜನೆಯವರು ಬಾಗಿಲಿಗೆ ಬಂದರೆ ‘ಅಜ್ಜ ಹೋದನೇ?’ ಎಂದು ಓಣಿಯೆಲ್ಲ ಕೂಡುತ್ತದೆ. ಅದಕ್ಕೇ ತಾಳ, ತಬಲಾ ಗುಡಿಯಲ್ಲಿ ಬಿಟ್ಟು ಬರಲಿ.