ಔಷಧಿ ಹೊತ್ತಿನ ಅರ್ಧ ಗಂಟೆ

ಕೇಳುಗರಿಗೆ ನಮಸ್ಕಾರ. ಸಿಬ್ಬಂದಿ ಸುಸ್ತಾಗಿದ್ದಾರೆ ಅಂದ ಕೂಡಲೇ ಮೇಲಿನವರಿಗೆ ಹೊಳೆಯುವುದು ಎರಡೇ: ಒಂದು ದಿನದ ಪಿಕ್‌ನಿಕ್, ಇಲ್ಲವೇ ಒತ್ತಡ ನಿವಾರಣೆಯ ಮೇಲೊಂದು ಉಪನ್ಯಾಸ. ಆ ಉಪನ್ಯಾಸಕ್ಕೂ ನೈಟ್ ಡ್ಯೂಟಿ ಮುಗಿಸಿ ಮನೆಗೆ ಹೊರಟವರನ್ನೇ ಹಿಡಿದು ಕೂರಿಸುವುದುಂಟು! ಆಸ್ಪತ್ರೆಯ ವಾರ್ಡುಗಳಲ್ಲಿ ಇನ್‌ಚಾರ್ಜ್ ಸಿಸ್ಟರ್ ಆಗಿ ದುಡಿದವಳು ನಾನು. ತಂಡ ದಣಿಯುವುದೂ ಚೇತರಿಸಿಕೊಳ್ಳುವುದೂ ಬಹುಪಾಲು ಡ್ಯೂಟಿ ಚಾರ್ಟಿನ ಕೈಲಿದೆ. ಇನ್ನುಳಿದದ್ದು, ಕೆಲಸದ ನಡುವೆ ಯಾರು ಯಾರನ್ನು ಕೂಗಬಹುದು ಎಂಬುದರಲ್ಲಿದೆ.

ರಾತ್ರಿಯ ಔಷಧಿ ಹೊತ್ತನ್ನೇ ನೋಡಿ. ಟ್ರಾಲಿ ಮುಂದೆ ನಿಂತ ಸಿಸ್ಟರ್ ಕೇಸ್ ಶೀಟ್ ನೋಡಿಕೊಂಡು ಸಿರಿಂಜಿಗೆ ಇನ್ಸುಲಿನ್ ಎಳೆಯುತ್ತಿದ್ದಾರೆ. ‘ಸಿಸ್ಟರ್, ಅಪ್ಪನ ಡ್ರಿಪ್ ಮುಗೀತಾ ಬಂತು’ ಅಂತ ಒಬ್ಬರು ಬಂದರು. ಅಷ್ಟರಲ್ಲಿ ಲ್ಯಾಬಿನಿಂದ ಫೋನು. ಬಾಗಿಲಲ್ಲಿ ಡಾಕ್ಟರು, ‘ಆ ಎಕ್ಸ್‌ರೇ ಎಲ್ಲಿಟ್ಟಿರಿ?’ ಮೂವರಿಗೂ ಉತ್ತರ ಹೇಳಿ ತಿರುಗುವಷ್ಟರಲ್ಲಿ ಎಳೆದದ್ದು ಹತ್ತು ಯೂನಿಟ್ಟೋ ಹದಿನಾರೋ ಎಂಬ ಅನುಮಾನ. ಇಂಥವರಿಗೆ ‘ಗಮನ ಕೊಟ್ಟು ಕೆಲಸ ಮಾಡಿ’ ಅಂತ ಸುತ್ತೋಲೆ ಕಳಿಸಿ ಏನು ಬಂತು?

ವಿಮಾನದವರು ಇದನ್ನು ದುಬಾರಿ ಬೆಲೆ ತೆತ್ತು ಕಲಿತರು. 1974ರ ಸೆಪ್ಟೆಂಬರ್ 11ರಂದು ಅಮೆರಿಕದ ಷಾರ್ಲಟ್‌ನಲ್ಲಿ ಈಸ್ಟರ್ನ್ ಏರ್‌ಲೈನ್ಸ್ ವಿಮಾನವೊಂದು ಮಂಜಿನಲ್ಲಿ ಇಳಿಯುವಾಗ, ರನ್‌ವೇ ತಲುಪುವ ಮೊದಲೇ ನೆಲಕ್ಕೆ ಬಿತ್ತು. 70ಕ್ಕೂ ಹೆಚ್ಚು ಜನ ಸತ್ತರು. ಇಳಿಯುವ ಹೊತ್ತಿನಲ್ಲಿ ಪೈಲಟ್‌ಗಳು ರಾಜಕೀಯ, ಹಳೇ ಕಾರು ಅಂತ ಮಾತಾಡುತ್ತಿದ್ದದ್ದು ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿ ಸಿಕ್ಕಿತು. 1981ರಲ್ಲಿ ಅಲ್ಲಿ ನಿಯಮ ಬಂತು: ಏರುವಾಗ, ಇಳಿಯುವಾಗ, 10,000 ಅಡಿಗಿಂತ ಕೆಳಗೆ, ವಿಮಾನದ ಸುರಕ್ಷತೆಗೆ ಬೇಕಿಲ್ಲದ ಯಾವ ಕೆಲಸವೂ ಕೂಡದು. ನನಗೆ ಮೆಚ್ಚುಗೆಯಾದದ್ದು ಅದರ ವಿವರ. ಹರಟೆ ಮಾತ್ರವಲ್ಲ, ಊಟ, ಕಾಗದಪತ್ರ ತುಂಬುವುದು, ಅಡುಗೆ ಸಾಮಾನಿಗಾಗಿ ಕಂಪನಿಗೆ ಕರೆ ಮಾಡುವುದು, ಪ್ರಯಾಣಿಕರಿಗೆ ಕೆಳಗಿನ ನೋಟ ತೋರಿಸುವ ಘೋಷಣೆ, ಎಲ್ಲವನ್ನೂ ಹೆಸರಿಟ್ಟು ನಿಲ್ಲಿಸಿದರು. ಅಂದರೆ, ಕಂಪನಿಯೇ ಪೈಲಟ್ ಮೇಲೆ ಹೊರಿಸಿದ್ದ ಚಿಲ್ಲರೆ ಕೆಲಸಗಳನ್ನೂ ಆ ಕೆಲವು ನಿಮಿಷ ಇಳಿಸಿದರು.

ಬ್ರಿಟನ್ನಿನ ಕೆಲವು ಆಸ್ಪತ್ರೆಗಳಲ್ಲಿ ಔಷಧಿ ಕೊಡುವ ನರ್ಸ್‌ಗೆ ‘ಅಡ್ಡಿಪಡಿಸಬೇಡಿ’ ಎಂದು ಬರೆದ ಕೆಂಪು ಮೇಲಂಗಿ ತೊಡಿಸಿದರು. ಮೇಲಂಗಿಯೊಂದೇ ಸಾಕು ಅಂತ ನಾನು ನಂಬುವುದಿಲ್ಲ. ಫೋನಂತೂ ರಿಂಗಾಗಿಯೇ ಆಗುತ್ತದೆ. ಅದನ್ನು ಎತ್ತಲು ಇನ್ನೊಬ್ಬರಿರಬೇಕು. ಆ ಅರ್ಧ ಗಂಟೆ ಫೋನು, ಡ್ರಿಪ್ಪು, ರೋಗಿಯ ಕಡೆಯವರ ಪ್ರಶ್ನೆ, ಇಷ್ಟಕ್ಕೂ ಒಬ್ಬರ ಹೆಸರು ಚಾರ್ಟಿನಲ್ಲೇ ಬರೆದಿಡಿ. ಇಡೀ ವಾರ್ಡಿಗೆ ಒಬ್ಬರೇ ಸಿಸ್ಟರ್ ಇದ್ದರೆ ಯಾವ ಉಪಾಯವೂ ನಡೆಯದು. ಆಗ ಮೇಲಿನವರಿಗೆ ಲಿಖಿತವಾಗಿ ತಿಳಿಸುವುದೇ ಇನ್‌ಚಾರ್ಜ್ ಕೆಲಸ.

ಇನ್ನು ವಿಶ್ರಾಂತಿ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳು ಭಾನುವಾರವೂ ನಡೆದವು. 1915ರಲ್ಲಿ ನೇಮಕವಾದ ಸಮಿತಿ ಕಂಡದ್ದು, ಏಳನೇ ದಿನ ದುಡಿಸಿದರೆ ಉತ್ಪನ್ನ ಅಷ್ಟೇನೂ ಹೆಚ್ಚುವುದಿಲ್ಲ ಎಂದು. ದೇಶ ಯುದ್ಧದಲ್ಲಿದ್ದಾಗಲೂ ರಜೆ ಕೊಟ್ಟದ್ದು ನಷ್ಟವಲ್ಲ ಅಂದಮೇಲೆ, ನೈಟ್ ಆಫ್‌ನಲ್ಲಿ ಮಲಗಿದವರನ್ನು ವಾಟ್ಸಾಪ್ ಗುಂಪಿನಲ್ಲಿ ‘ಸಂಜೆ ಬರ್ತೀರಾ?’ ಅಂತ ಎಬ್ಬಿಸುವ ನಮ್ಮ ಅಭ್ಯಾಸಕ್ಕೆ ಏನನ್ನಬೇಕು? ಚಾರ್ಟನ್ನು ತಿಂಗಳಿಗೆ ಮುಂಚೆಯೇ ಹಾಕಿ. ನೈಟ್ ಮುಗಿದ ಮಾರನೇ ಬೆಳಿಗ್ಗೆಗೆ ಡ್ಯೂಟಿ ಹಾಕಲೇಬೇಡಿ.

ಕೊನೆಯದಾಗಿ ರಿಜಿಸ್ಟರ್‌ಗಳು. ಒಂದೇ ಲೆಕ್ಕವನ್ನು ಎರಡು ಮೂರು ಕಡೆ ಬರೆಯುವ ವಾರ್ಡುಗಳಿವೆ. ಯಾವುದನ್ನು ಯಾರೂ ತೆರೆದು ನೋಡುವುದಿಲ್ಲವೋ ಅದನ್ನು ನಿಲ್ಲಿಸಲು ಅನುಮತಿ ಕೇಳಿ. ಆದರೆ ಅನುಮತಿ ಕಾಗದದಲ್ಲೇ ಇರಲಿ. ಬಾಯಿಮಾತಿಗೆ ನಿಲ್ಲಿಸಿದರೆ ಮುಂದಿನ ತಪಾಸಣೆಯಲ್ಲಿ ಬೈಸಿಕೊಳ್ಳುವುದು ಆವತ್ತು ಡ್ಯೂಟಿಯಲ್ಲಿರುವ ಹೊಸ ಹುಡುಗಿ. ನಮಸ್ಕಾರ.